17ಸಿ ಕಾಗದದಲ್ಲಿ ನಿಮ್ಮ ಸಿಟ್ಟು ಕಾಣುವುದಿಲ್ಲ: ಬೆಂಗಳೂರಿನ ಹೊಸ ಮತದಾರರಿಗೆ ಒಬ್ಬ ಮೇಷ್ಟ್ರ ಬಹಿರಂಗ ಪತ್ರ

ಪ್ರೀತಿಯ ಹುಡುಗ ಹುಡುಗಿಯರೇ,

ನಾನೊಬ್ಬ ರಿಟೈರ್ಡ್ ಮೇಷ್ಟ್ರು. ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೆ. ಮೊದಲು ಮಂಡ್ಯ ಜಿಲ್ಲೆಯಲ್ಲಿ, ಆಮೇಲೆ ಬೆಂಗಳೂರಿನಲ್ಲಿ. ನೀವು ಮಾಡಿದ್ದು ಪಾಠಕ್ಕಿಂತ ಗಣತಿಯೇ ಜಾಸ್ತಿ ಅಂತ ಮನೆಯಾಕೆ ಈಗಲೂ ರೇಗಿಸುತ್ತಾಳೆ. ಪೂರ್ತಿ ಸುಳ್ಳೇನಲ್ಲ. ಜನಗಣತಿ ಮಾಡಿದ್ದೇನೆ, ಮನೆ ಲೆಕ್ಕ ಬರೆದಿದ್ದೇನೆ, ಬಿಸಿಯೂಟದ ಬೇಳೆ ತೂಗಿದ್ದೇನೆ. ಇದೆಲ್ಲದರ ಜೊತೆಗೆ ಚುನಾವಣೆ ಡ್ಯೂಟಿ.

ಚುನಾವಣೆ ಆರ್ಡರ್ ಬಂದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಇದ್ದಕ್ಕಿದ್ದ ಹಾಗೆ ಬೆನ್ನುನೋವು, ಬಿಪಿ, ಶುಗರ್ ಶುರುವಾಗುತ್ತದೆ. ನನಗೂ ಒಂದೆರಡು ಸಲ ಆಗಿದೆ, ಸುಳ್ಳು ಯಾಕೆ ಹೇಳಲಿ. ಆದರೆ ಬೂತಿಗೆ ಹೋಗಿ ಕೂತ ಮೇಲೆ ಆ ಕೆಲಸ ನನಗೆ ಇಷ್ಟವಾಗುತ್ತಿತ್ತು. 2004ರಲ್ಲಿ ಮೊದಲ ಸಲ ಹೋದೆ. 2024ರ ಲೋಕಸಭೆ ಚುನಾವಣೆ ಕೊನೆಯದು. ಮಧ್ಯದಲ್ಲಿ ಪೋಲಿಂಗ್ ಆಫೀಸರ್ ಆಗಿದ್ದವನು ಪಿಆರ್‌ಒ, ಅಂದರೆ ಪ್ರಿಸೈಡಿಂಗ್ ಆಫೀಸರ್ ಆದೆ, ಆ ಬೂತಿನ ಒಂದು ದಿನದ ಯಜಮಾನ.

ಯಾರಿಗೆ ಓಟು ಹಾಕಿ ಅಂತ ಹೇಳೋಕೆ ಈ ಪತ್ರ ಬರೆಯುತ್ತಿಲ್ಲ. 30 ವರ್ಷ ಸರ್ಕಾರಿ ಕೆಲಸ ಮಾಡಿ ಆ ಅಭ್ಯಾಸವೇ ತಪ್ಪಿಹೋಗಿದೆ. ಬೂತಿನ ಒಳಗೆ ಕೂತವನಿಗೆ ಕಾಣುವ ಒಂದು ವಿಷಯ ಹೊರಗಿರುವ ನಿಮಗೆ ಕಾಣುವುದಿಲ್ಲ. ಓಟು ಮುಗಿದ ಮೇಲೆ ನಾವು ಬರೆಯುವ ಫಾರಂ 17ಸಿ ಅನ್ನುವ ಲೆಕ್ಕದ ಕಾಗದ ಅದು. ಅದನ್ನು ಹೇಳಬೇಕು ಅನ್ನಿಸಿತು. ನೀವು ಅಂದರೆ 18ರಿಂದ 25ರ ಒಳಗಿನವರು, ಅದರಲ್ಲೂ ಪಿಜಿಯಲ್ಲಿ, ಹಾಸ್ಟೆಲಿನಲ್ಲಿ, ನಾಲ್ಕು ಜನ ಸೇರಿ ಹಿಡಿದ ಬಾಡಿಗೆ ಮನೆಯಲ್ಲಿ ಇರುವವರು.

ಮೊದಲು ಆ ದಿನ ಹೇಗಿರುತ್ತದೆ ಅಂತ ಸ್ವಲ್ಪ ಹೇಳುತ್ತೇನೆ. ಹಿಂದಿನ ದಿನವೇ ಮಸ್ಟರಿಂಗ್ ಸೆಂಟರಿಗೆ ಹೋಗಿ ಸಾಮಾನು ತೆಗೆದುಕೊಳ್ಳಬೇಕು. ಮಿಷನ್ ಪೆಟ್ಟಿಗೆಗಳು, ಒಂದು ಚೀಲ ತುಂಬ ಫಾರಂ ಮತ್ತು ಕವರು, ಅರಗು, ಮೇಣದಬತ್ತಿ, ದಾರ. ಬಸ್ಸು ನಮ್ಮನ್ನು ಯಾವುದೋ ಸ್ಕೂಲಿನ ಮುಂದೆ ಇಳಿಸಿ ಹೋಗುತ್ತದೆ. ರಾತ್ರಿ ಬೆಂಚು ಜೋಡಿಸಿ ಅದರ ಮೇಲೆ ಮಲಗುವುದು. ಸೊಳ್ಳೆ ಬಿಟ್ಟರೆ ನಿದ್ದೆ. ಬೆಳಿಗ್ಗೆ 4ಕ್ಕೆ ಎದ್ದು ಮುಖಕ್ಕೆ ತಣ್ಣೀರು ಹಾಕಿಕೊಂಡು 5.30ಕ್ಕೆ ಅಣಕು ಮತದಾನ ಶುರು ಮಾಡಬೇಕು. ಪಾರ್ಟಿ ಏಜೆಂಟರ ಎದುರಿಗೇ ಕಡಿಮೆ ಅಂದರೂ 50 ಓಟು ಒತ್ತಿ, ಲೆಕ್ಕ ತಾಳೆ ನೋಡಿ, ಅದನ್ನೆಲ್ಲ ಅಳಿಸಿ, ಮಿಷನ್ನಿಗೆ ಸೀಲು ಹಾಕಿ, ಏಜೆಂಟರ ಕೈಲೂ ಸಹಿ ಮಾಡಿಸಿ, ಇಷ್ಟೆಲ್ಲ ಆಗುವ ಹೊತ್ತಿಗೆ ಹೊರಗೆ ಯಾರೋ ಅಜ್ಜಿ ಬಂದು ಬಾಗಿಲಿಗೆ ಮೊದಲು ನಿಂತಿರುತ್ತಾರೆ. ನಾನು ಕೆಲಸ ಮಾಡಿದ ಪ್ರತಿ ಬೂತಿನಲ್ಲೂ ಆ ಅಜ್ಜಿ ಇದ್ದರು. ಊರು ಬೇರೆ, ಸೀರೆ ಬೇರೆ, ಅಜ್ಜಿ ಮಾತ್ರ ಒಬ್ಬರೇ ಅನ್ನಿಸುತ್ತಿತ್ತು.

ಶಾಯಿ ಬಾಟಲಿ ಗೊತ್ತಲ್ವಾ? ಅದು ಉರುಳಿದರೆ ರಿಜಿಸ್ಟರೆಲ್ಲ ಹಾಳು. ಅದಕ್ಕೇ ಒಂದು ಡಬ್ಬಿಯಲ್ಲಿ ಮರಳು ತುಂಬಿಸಿ, ಬಾಟಲಿಯನ್ನು ಅರ್ಧ ಹೂತು ನಿಲ್ಲಿಸುತ್ತೇವೆ. ಎಡಗೈ ತೋರುಬೆರಳಿನ ಉಗುರು ಮತ್ತು ಚರ್ಮ ಎರಡಕ್ಕೂ ತಾಗುವ ಹಾಗೆ ಗೆರೆ ಎಳೆಯಬೇಕು. ಹಚ್ಚುವಾಗ ನೇರಳೆ, ಒಣಗುತ್ತಾ ಕಪ್ಪು. ಉಗುರು ಬೆಳೆದು ಕತ್ತರಿಸುವ ತನಕ ಹೋಗುವುದಿಲ್ಲ. ಈ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಶುರು ಮಾಡಿಸಿದ ಬಣ್ಣದ ಕಾರ್ಖಾನೆಯಲ್ಲಿ. 1962ರ ಚುನಾವಣೆಯಿಂದ ಇಡೀ ದೇಶದ ಬೆರಳಿಗೆ ಅಲ್ಲಿನದೇ ಶಾಯಿ. ಓಟಿನ ಮಿಷನ್ ಮಾಡುವ ಎರಡು ಕಂಪನಿಗಳಲ್ಲಿ ಒಂದಾದ ಬಿಇಎಲ್ ಬೆಂಗಳೂರಿನದು. ಶಾಯಿ ನಮ್ಮದು, ಮಿಷನ್ ನಮ್ಮದು. ಬೆರಳು ಮಾತ್ರ ಬರುವುದಿಲ್ಲ.

2024ರಲ್ಲಿ ಏಪ್ರಿಲ್ 26ಕ್ಕೆ ಓಟು. ಶುಕ್ರವಾರ. ಮಂಡ್ಯದಲ್ಲಿ ನೂರಕ್ಕೆ 81 ಜನ ಹಾಕಿದರು. ಅದೇ ದಿನ, ಅದೇ ಬಿಸಿಲಲ್ಲಿ, ಬೆಂಗಳೂರು ದಕ್ಷಿಣದಲ್ಲಿ 53. ಬೆಂಗಳೂರು ಉತ್ತರ, ಬೆಂಗಳೂರು ಕೇಂದ್ರ ಎರಡರಲ್ಲೂ 54. ಶುಕ್ರವಾರ ಇಟ್ಟರೆ ಜನ ಟ್ರಿಪ್ಪು ಹೋಗದೆ ಇರುತ್ತಾರಾ ಅಂತ ಆಗ ಎಲ್ಲರೂ ಬೈದರು. ಆದರೆ ಅದರ ಹಿಂದಿನ ವರ್ಷ, 2023ರ ಮೇ 10ರಂದು, ರಜೆ ಜೋಡಿಸಿಕೊಂಡು ಯಾರೂ ಊರು ಬಿಡದಿರಲಿ ಅಂತ ಬೇಕಂತಲೇ ಬುಧವಾರ ಇಟ್ಟಿದ್ದರಲ್ಲ? ಆಗಲೂ ರಾಜ್ಯದಲ್ಲಿ 73 ಆದರೆ ಬೆಂಗಳೂರಿನಲ್ಲಿ 54ರ ಆಸುಪಾಸು. ಮೇಲುಕೋಟೆಯಲ್ಲಿ 90 ದಾಟಿತ್ತು. ವಾರದ ತಪ್ಪಲ್ಲ ಅಂತ ಅಲ್ಲಿಗೆ ತೀರ್ಮಾನವಾಯಿತು.

ಅಷ್ಟೂ ಗೈರು ನಿಮ್ಮದೇ ಅಂತ ನಾನು ಹೇಳುವುದಿಲ್ಲ. ಅಪಾರ್ಟ್‌ಮೆಂಟಿನ ಅಂಕಲ್‌ಗಳೂ ಇದ್ದಾರೆ, ವಾಟ್ಸಾಪಿನಲ್ಲಿ ದೇಶ ಕಟ್ಟಿ ಓಟಿನ ದಿನ ಕೂರ್ಗಿಗೆ ಹೋಗುವವರು. ಅವರ ವಿಷಯ ಬಿಡಿ, ಅವರನ್ನು ತಿದ್ದುವ ವಯಸ್ಸು ನನಗೂ ದಾಟಿದೆ, ಅವರಿಗೂ ದಾಟಿದೆ.

ಈಗ ನಿಮಗೆ ಕಾಣದೆ ಇರುವುದು ಅಂದೆನಲ್ಲ, ಅದಕ್ಕೆ ಬರುತ್ತೇನೆ.

ಸಂಜೆ 6ಕ್ಕೆ ಗೇಟು ಹಾಕಿಸುತ್ತೇವೆ. ಆ ಹೊತ್ತಿಗೆ ಸಾಲಿನಲ್ಲಿ ನಿಂತವರಿಗೆಲ್ಲ ನಂಬರ್ ಚೀಟಿ, ಕೊನೆಯಲ್ಲಿ ನಿಂತವರಿಂದ ಶುರು ಮಾಡಿ ಮುಂದಕ್ಕೆ. ಎಲ್ಲರದೂ ಮುಗಿದ ಮೇಲೆ ಕಂಟ್ರೋಲ್ ಯೂನಿಟ್ಟಿನ ಕ್ಲೋಸ್ ಬಟನ್ ಒತ್ತುತ್ತೇನೆ. ಆಮೇಲೆ ಫಾರಂ 17ಸಿ ಬರೆಯಬೇಕು. ಆ ಬೂತಿನಲ್ಲಿ ಎಷ್ಟು ಮತದಾರರು, ಎಷ್ಟು ಜನ ಬಂದು ಸಹಿ ಹಾಕಿದರು, ಮಿಷನ್ನಿನಲ್ಲಿ ಎಷ್ಟು ಓಟು ಬಿತ್ತು. ಮುಖ್ಯವಾಗಿ ಇಷ್ಟೇ ಅದರಲ್ಲಿರುವುದು. ನಾನು ಸಹಿ ಹಾಕಿ ಏಜೆಂಟರಿಗೆಲ್ಲ ಒಂದೊಂದು ಪ್ರತಿ ಕೊಡುತ್ತೇನೆ. ಅವರು ಅದನ್ನು ಮಡಚಿ ಶರ್ಟಿನ ಮೇಲು ಜೇಬಿಗೆ ಹಾಕಿಕೊಳ್ಳುತ್ತಾರೆ, ಬ್ಯಾಂಕಿನ ಪಾಸ್ ಬುಕ್ಕಿನ ಹಾಗೆ ಜೋಪಾನವಾಗಿ.

ಆ ಕಾಗದ ಎಲ್ಲಿಗೆ ಹೋಗುತ್ತದೆ? ಪಾರ್ಟಿ ಆಫೀಸಿಗೆ. ಎಣಿಕೆಯ ದಿನ ಬೂತಿನ ಲೆಕ್ಕ ಮತ್ತೆ ಹೊರಗೆ ಬರುತ್ತದೆ, ಯಾರಿಗೆ ಎಷ್ಟು ಅಂತ. ಬೂತುವಾರು ಫಲಿತಾಂಶ ಆಮೇಲೆ ಫಾರಂ 20ರಲ್ಲಿ ಎಲ್ಲರಿಗೂ ಸಿಗುತ್ತದೆ, ನೀವೂ ನೋಡಬಹುದು. ನೀವು ಯಾರಿಗೆ ಹಾಕಿದಿರಿ ಅನ್ನುವುದು ದೇವರಾಣೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ನಿಮ್ಮ ನಾಲ್ಕು ಬೀದಿಯಿಂದ ಎಷ್ಟು ಜನ ಬಂದರು ಅನ್ನುವುದು ಗೆದ್ದವನಿಗೂ ಗೊತ್ತು, ಸೋತವನಿಗೂ ಗೊತ್ತು, ಮುಂದಿನ ಸಲ ಟಿಕೆಟ್ಟಿಗೆ ಓಡಾಡುವವನಿಗೂ ಗೊತ್ತು.

ನಿಮ್ಮ ಪೋಸ್ಟು, ರೀಲ್ಸು, ಗುಂಡಿಯ ಪಕ್ಕ ನಿಂತು ಮಾಡಿದ ವಿಡಿಯೊ, ಅದಕ್ಕೆ ಬಿದ್ದ ಲೈಕು, ಯಾವುದೂ ಆ ಕಾಗದದಲ್ಲಿ ಇರುವುದಿಲ್ಲ. ನಿಮ್ಮ ಸಿಟ್ಟು ನಿಜವಾದದ್ದೇ. ಆದರೆ ಅದನ್ನು ಬರೆಯುವುದಕ್ಕೆ 17ಸಿಯಲ್ಲಿ ಕಾಲಂ ಇಲ್ಲ.

ಅಪಾರ್ಟ್‌ಮೆಂಟು ಮತ್ತು ಪಿಜಿಗಳೇ ತುಂಬಿರುವ ಒಂದು ಏರಿಯಾದ ಬೂತಿನಲ್ಲಿ ಕೂತಿದ್ದೆ. ಮಧ್ಯಾಹ್ನ 3 ಗಂಟೆ. ಒಳಗೆ ನಾವು ನಾಲ್ಕು ಜನ, ಏಜೆಂಟರು ಇಬ್ಬರು, ಫ್ಯಾನಿನ ಸದ್ದು. ಹತ್ತು ನಿಮಿಷಕ್ಕೊಂದು ಸಲ ಮಿಷನ್ ಪೀಂ ಅನ್ನುತ್ತಿತ್ತು. ಏಜೆಂಟ್ ಒಬ್ಬ ಪಟ್ಟಿಯ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದ. ಯಾಕಪ್ಪಾ, ಜನರನ್ನು ಕರೆದುಕೊಂಡು ಬರೋಕೆ ಯಾರನ್ನೂ ಕಳಿಸಲ್ವಾ ಅಂತ ಕೇಳಿದೆ. ಅವನು ನಕ್ಕ. "ಮೇಷ್ಟ್ರೇ, ಈ ಬೂತಿಗೆ ನಾವು ಪ್ರಚಾರಕ್ಕೇ ಬಂದಿಲ್ಲ. ಬಂದ್ರೂ ವಾಚ್‌ಮ್ಯಾನ್ ಬಿಡಲ್ಲ, ಬಿಟ್ರೂ ಇವರು ಬರಲ್ಲ. ನಮ್ಮ ಓಟೆಲ್ಲ ಆ ಹಿಂದಿನ ಕಾಲೋನಿಯಲ್ಲಿದೆ, ಅಲ್ಲಿ ಹುಡುಗರನ್ನ ಹಾಕಿದೀವಿ."

ಇದನ್ನೇ ಮಂಡ್ಯದ ಒಂದು ಹಳ್ಳಿ ಬೂತಿನ ಜೊತೆ ಹೋಲಿಸಿ. ಅಲ್ಲೂ 3 ಗಂಟೆ. ಏಜೆಂಟ್ ಪಟ್ಟಿಯ ಮೇಲೆ ಸ್ಕೇಲಿಟ್ಟು ಬಂದವರ ಹೆಸರಿಗೆ ಗೆರೆ ಹೊಡೆದು ಮುಗಿಸಿದ್ದಾನೆ. ಉಳಿದವರು ಯಾರು ಅಂತ ಬಾಯಲ್ಲೇ ಹೇಳುತ್ತಾನೆ. ಗದ್ದೆಗೆ ಹೋದವನೊಬ್ಬ, ಬಾಣಂತಿ ಒಬ್ಬಳು, ಬೆಂಗಳೂರಿನಿಂದ ಹೊರಟು ಮದ್ದೂರಿನಲ್ಲಿ ಬಸ್ಸಿಗೆ ಕಾಯುತ್ತಿರುವ ಅಣ್ಣ ತಮ್ಮ. ಬೈಕು ಹೊರಡುತ್ತದೆ, ಕರೆದುಕೊಂಡು ಬರುತ್ತದೆ. ಇದೆಲ್ಲ ಬರೀ ಪ್ರಜಾಪ್ರಭುತ್ವದ ಪ್ರೀತಿಯಿಂದ ಅಂತ ನಾನು ಹೇಳಲಾರೆ. ಜಾತಿಯೂ ಇದೆ, ದುಡ್ಡೂ ಇದೆ, ಮುಲಾಜೂ ಇದೆ. ದುಡ್ಡಿನ ವಿಷಯಕ್ಕೆ ಬೇರೆಯದೇ ಪತ್ರ ಬರೆಯಬೇಕು. ಆದರೆ ಆ ಹಳ್ಳಿಯಲ್ಲಿ ಬೋರ್‌ವೆಲ್ ಮೋಟಾರು ಸುಟ್ಟರೆ ಫೋನು ಎತ್ತುವವರು ಇದ್ದಾರೆ. ಯಾಕೆಂದರೆ ಆ ಬೂತಿನ 17ಸಿ ಅವರ ಜೇಬಿನಲ್ಲಿದೆ.

ನಿಮ್ಮ ಮೊದಲ ಪ್ರಶ್ನೆ ನನಗೆ ಗೊತ್ತು. ನನ್ನದೊಂದು ಓಟಿನಿಂದ ಏನಾಗುತ್ತೆ ಸರ್? ಇದಕ್ಕೆ ನಮ್ಮ ರಾಜ್ಯದಲ್ಲಿ ಒಂದು ಹಳೇ ಉತ್ತರ ಇದೆ. 2004ರಲ್ಲಿ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಸೋತವರ ಕಾರಿನ ಡ್ರೈವರಿಗೇ ಓಟು ಹಾಕಲು ಬಿಡುವು ಸಿಕ್ಕಿರಲಿಲ್ಲ ಅಂತ ಇವತ್ತಿಗೂ ಹೇಳುತ್ತಾರೆ. ಬೆಂಗಳೂರಿನದೇ ಬೇಕು ಅಂದರೆ 2023ರ ಜಯನಗರ. ರಾತ್ರಿ ತನಕ ಎಣಿಸಿ, ಮತ್ತೆ ಎಣಿಸಿ, ಕೊನೆಗೆ 16 ಓಟಿನಲ್ಲಿ ಫಲಿತಾಂಶ ಬಂತು. ಗಾಂಧಿನಗರದಲ್ಲಿ ಅದೇ ಸಲ 105. ಜಯನಗರದ ಒಂದು ಪಿಜಿಯ ಒಂದು ಮಹಡಿಯಲ್ಲಿ 16 ಜನಕ್ಕಿಂತ ಜಾಸ್ತಿ ಇರುತ್ತೀರಿ.

ಆದರೂ ಈ ಕಥೆ ಹೇಳಿ ನಿಮ್ಮನ್ನು ಒಪ್ಪಿಸುವ ಆಸೆ ನನಗಿಲ್ಲ. ನಾನು ಕ್ಲಾಸಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು "ಸರ್, 224 ಸೀಟಲ್ಲಿ ಎಷ್ಟು ಕಡೆ ಹಾಗಾಗುತ್ತೆ?" ಅಂತ ಕೇಳಿದ್ದ. ಅವನ ಪ್ರಶ್ನೆ ಸರಿಯಾಗಿಯೇ ಇತ್ತು. ಮುಕ್ಕಾಲುವಾಸಿ ಕಡೆ ಸಾವಿರಗಟ್ಟಲೆ ಅಂತರದಲ್ಲೇ ಗೆಲ್ಲುತ್ತಾರೆ. ನಿಮ್ಮ ಓಟು ಇಲ್ಲದಿದ್ದರೂ ಅವರೇ ಗೆಲ್ಲುತ್ತಿದ್ದರು. ಅದಕ್ಕೇ ನಾನು 17ಸಿ ವಿಷಯ ಎತ್ತಿದ್ದು. ಯಾರು ಗೆದ್ದರೂ, ಎಷ್ಟರಲ್ಲಿ ಗೆದ್ದರೂ, ನೀವು ಬಂದಿರಿ ಅನ್ನುವುದು ಅಲ್ಲಿ ದಾಖಲಾಗುತ್ತದೆ. ಸೋತ ಕಡೆ ಹಾಕಿದ ಓಟೂ ಅಲ್ಲಿ ಒಂದು ಓಟೇ. ನಿಮ್ಮ ಏರಿಯಾದ ಅಂಕಿ ಒಂದು ಚುನಾವಣೆಯಿಂದ ಇನ್ನೊಂದಕ್ಕೆ 45ರಿಂದ 60ಕ್ಕೆ ಹೋಯಿತು ಅಂದುಕೊಳ್ಳಿ. ಆ ತೂಕಡಿಸುವ ಏಜೆಂಟ್ ಮುಂದಿನ ಸಲ ನಿದ್ದೆ ಮಾಡಲ್ಲ.

ಎರಡನೆಯದು, "ಎಲ್ಲಾ ಕಳ್ಳರೇ ಸರ್". ಇರಬಹುದು. ಎಷ್ಟು ಕಳ್ಳರು ಅಂತ ನೋಡುವುದಕ್ಕಾದರೂ ದಾರಿ ಇದೆ. ನಾಮಪತ್ರದ ಜೊತೆ ಪ್ರತಿಯೊಬ್ಬ ಅಭ್ಯರ್ಥಿಯೂ ಫಾರಂ 26ರಲ್ಲಿ ಅಫಿಡವಿಟ್ ಕೊಡಬೇಕು. ಕೇಸು ಎಷ್ಟಿವೆ, ಆಸ್ತಿ ಎಷ್ಟು, ಸಾಲ ಎಷ್ಟು, ಓದಿದ್ದು ಎಷ್ಟು. 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದದ್ದು ಇದು. ಚುನಾವಣಾ ಆಯೋಗದ ಆ್ಯಪಿನಲ್ಲೇ ಸಿಗುತ್ತದೆ. ಹೊಸ ಫೋನು ತಗೊಳ್ಳುವ ಮುಂಚೆ ನೀವು ನೋಡುವ ರಿವ್ಯೂಗಳಲ್ಲಿ ಕಾಲು ಭಾಗದಷ್ಟು ಹೊತ್ತು ಸಾಕು. ಯಾರೂ ಬೇಡ ಅಂದರೆ ನೋಟಾ ಇದೆ, 2013ರಿಂದ. ಆದರೆ ಒಂದು ತಿಳಿದುಕೊಂಡು ಒತ್ತಿ. ನೋಟಾಗೆ ಎಲ್ಲರಿಗಿಂತ ಜಾಸ್ತಿ ಓಟು ಬಿದ್ದರೂ ವಿಧಾನಸಭೆ, ಲೋಕಸಭೆ ಚುನಾವಣೆ ರದ್ದಾಗುವುದಿಲ್ಲ. ಅದರ ನಂತರದ ಅಭ್ಯರ್ಥಿ ಗೆಲ್ಲುತ್ತಾನೆ. ಹಾಗಿದ್ದರೂ ಮನೆಯಲ್ಲಿ ಮಲಗುವುದಕ್ಕಿಂತ ನೋಟಾ ಒತ್ತುವುದು ವಾಸಿ ಅಂತ ನನ್ನ ಲೆಕ್ಕ. 17ಸಿಯಲ್ಲಿ ಬರುತ್ತದಲ್ಲ.

ಇನ್ನೊಂದು ಮಾತು, "ನಮಗೆ ರಾಜಕೀಯ ಆಗಲ್ಲ ಸರ್". ಹೇಳುವವನು ಮಾತ್ರ ಮೂರು ವರ್ಷದಿಂದ ವಿಜಯನಗರದ ಲೈಬ್ರರಿಯಲ್ಲಿ ಕೂತು ಪರೀಕ್ಷೆಗೆ ಓದುತ್ತಿರುತ್ತಾನೆ. ಅಕ್ರಮ ನಡೆದು 545 ಪಿಎಸ್‌ಐ ಹುದ್ದೆಯ ಪರೀಕ್ಷೆ ರದ್ದಾಗಿದ್ದು ಯಾಕಪ್ಪಾ? 2024ರಲ್ಲಿ ಕೆಪಿಎಸ್‌ಸಿ ಪೂರ್ವಭಾವಿ ಪರೀಕ್ಷೆಯ ಕನ್ನಡ ಅನುವಾದ ಕೆಟ್ಟು, ಗಲಾಟೆಯಾಗಿ, ಡಿಸೆಂಬರಿನಲ್ಲಿ ಮತ್ತೆ ಬರೆಸಿದ್ದು ಯಾಕೆ? 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಹೋಯಿತು, ಜನ ಕೂಗಾಡಿದ ಮೇಲೆ ಕೆಲವು ಕಡೆ ಒಂದಿಷ್ಟು ಇಳಿಸಿದರು. ನಿಮಗೆ ರಾಜಕೀಯ ಆಗದಿದ್ದರೂ ರಾಜಕೀಯಕ್ಕೆ ನೀವು ಆಗುತ್ತೀರಿ.

ನನ್ನ ಹಳೇ ವಿದ್ಯಾರ್ಥಿಯೊಬ್ಬ ಊಟ ಡೆಲಿವರಿ ಮಾಡುತ್ತಾನೆ. 2024ರ ಓಟಿನ ದಿನ ನನ್ನ ಬೂತಿಗೆ ಬಂದ. ಬೆನ್ನಿಗೆ ದೊಡ್ಡ ಬ್ಯಾಗು, ಕೈಯಲ್ಲಿ ಹೆಲ್ಮೆಟ್ಟು. ಗುರುತು ಹಿಡಿದು, "ಸರ್, ಎಷ್ಟು ಹೊತ್ತಾಗುತ್ತೆ, ಆರ್ಡರ್ ಇದೆ" ಅಂದ. ಓಟಿನ ದಿನ ಸಂಬಳ ಸಹಿತ ರಜೆ ಕೊಡಬೇಕು ಅಂತ ಕಾನೂನಿದೆ. ಅದು ಇವನಂಥವರ ತನಕ ಬರುವುದಿಲ್ಲ, ಅವತ್ತು ಓಡದಿದ್ದರೆ ದುಡ್ಡಿಲ್ಲ. ಫೋನು ಒಳಗೆ ಬಿಡುವುದಿಲ್ಲವಲ್ಲ, ಬಾಗಿಲಲ್ಲಿ ಗೆಳೆಯನ ಕೈಗೆ ಕೊಟ್ಟು ಬಂದ. ಸಾಲೂ ಇರಲಿಲ್ಲ. ಹೆಸರು ನೋಡಿ, ಸಹಿ ಮಾಡಿಸಿ, ಶಾಯಿ ಹಚ್ಚಿ, ಒತ್ತಿ ಹೊರಗೆ ಬರಲು ನಾಲ್ಕು ನಿಮಿಷ. ಬೆರಳಿನ ಮೇಲಿನ ಶಾಯಿಗೆ ಉಫ್ ಉಫ್ ಅಂತ ಊದಿಕೊಳ್ಳುತ್ತಾ ಓಡಿದ. ಮರು ವರ್ಷ, 2025ರಲ್ಲಿ, ನಮ್ಮ ರಾಜ್ಯ ಗಿಗ್ ಕಾರ್ಮಿಕರಿಗೆ ಕಾಯ್ದೆ ಮಾಡಿತು. ಪ್ರತಿ ವ್ಯವಹಾರದಲ್ಲಿ ಕೆಲಸಗಾರನಿಗೆ ಸಿಗುವ ಹಣದ ಲೆಕ್ಕದ ಮೇಲೆ 1ರಿಂದ 5 ಪರ್ಸೆಂಟಿನ ತನಕ ಕಂಪನಿಯೇ ಕಲ್ಯಾಣ ನಿಧಿಗೆ ಕಟ್ಟಬೇಕು. ಸುಮ್ನೆ ಬಂದ ಕಾಯ್ದೆ ಅಲ್ಲ ಅದು. ಆ ಹುಡುಗರು ಸಂಘ ಕಟ್ಟಿಕೊಂಡು, ಅರ್ಜಿ ಹಿಡಿದು ಓಡಾಡಿ, ಮೀಟಿಂಗಿನಲ್ಲಿ ಕೂತು ಮಾಡಿಸಿಕೊಂಡದ್ದು. ಅದು ಎಷ್ಟು ಚೆನ್ನಾಗಿ ಜಾರಿಯಾಗುತ್ತದೆ ಅನ್ನುವುದು ಬೇರೆ ಮಾತು. ಅದಕ್ಕೂ ಅವರೇ ಬೆನ್ನು ಹತ್ತಬೇಕು.

ಈಗ ನಿಮ್ಮ ಪರವಾಗಿಯೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಮೋಸವಾಗುತ್ತದೆ. ನಿಮಗೆ ಓಟು ಹಾಕಿ ಅಂತ ಬೋರ್ಡು ಹಾಕುವವರೇ ನಿಮಗೆ ಓಟು ಹಾಕಲು ಬಿಡಲಿಲ್ಲ. ಬೆಂಗಳೂರಿನ ಪಾಲಿಕೆಗೆ 2015ರ ಆಗಸ್ಟ್ 22ರಂದು ಚುನಾವಣೆ ಆಯಿತು. 198 ವಾರ್ಡು. ಅದರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ವಾರ್ಡು ವಿಂಗಡಣೆ, ಮೀಸಲಾತಿ, ಕೋರ್ಟು, ಹೊಸ ಕಾಯ್ದೆ, ಮತ್ತೆ ವಾರ್ಡು. ಐದು ವರ್ಷ ಒಬ್ಬ ಕಾರ್ಪೊರೇಟರೂ ಇಲ್ಲದೆ ಅಧಿಕಾರಿಗಳೇ ಊರು ನಡೆಸಿದರು. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯನ್ನೇ ಒಡೆದು ಐದು ಮಾಡಿದರು. 2002ರಲ್ಲಿ ಇಲ್ಲೇ ಹುಟ್ಟಿ ಬೆಳೆದ ಹುಡುಗಿ 2020ರಲ್ಲಿ 18 ತುಂಬಿಸಿ, ಕಾಲೇಜು ಮುಗಿಸಿ, ಕೆಲಸಕ್ಕೆ ಸೇರಿದರೂ ತನ್ನ ಬೀದಿಯ ಕಸಕ್ಕೆ, ಚರಂಡಿಗೆ ಯಾರು ಹೊಣೆ ಅಂತ ಒಂದು ಓಟು ಹಾಕಿರಲಿಲ್ಲ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳದೂ ಇದೇ ಕಥೆ. 2016ರಲ್ಲಿ ಚುನಾವಣೆ ಆಯಿತು, 2021ರಲ್ಲಿ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ತಡ. ಯಾವ ಪಾರ್ಟಿ ಅಂತ ಕೇಳಬೇಡಿ. ಈ ಅವಧಿಯಲ್ಲಿ ಸರ್ಕಾರ ಬದಲಾಯಿತು, ತಡ ಬದಲಾಗಲಿಲ್ಲ.

ಕಾಲೇಜಿನದೂ ಹಾಗೆಯೇ. ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ಸಂಘದ ನೇರ ಚುನಾವಣೆ ನಿಂತು ಮೂರು ದಶಕ ದಾಟಿದೆ. ಆದರೆ ನಮ್ಮ ಸ್ಕೂಲುಗಳಲ್ಲಿ ಶಾಲಾ ಸಂಸತ್ತು ಅಂತ ಮಾಡುತ್ತೇವೆ, ಜೂನ್ ಬಂದರೆ ಅದೇ ಸಂಭ್ರಮ. ಏಳನೇ ಕ್ಲಾಸಿನ ಹುಡುಗ ನೀರಾವರಿ ಮಂತ್ರಿ, ಅಂದರೆ ಟ್ಯಾಂಕು ತುಂಬಿದೆಯಾ ನೋಡುವವನು. ಒಂದು ವರ್ಷ ನೀರಾವರಿ ಮಂತ್ರಿ ಎರಡು ದಿನ ಟ್ಯಾಂಕು ನೋಡಲಿಲ್ಲ ಅಂತ ಆರನೇ ಕ್ಲಾಸಿನವರು ಹೆಡ್ ಮಾಸ್ಟರ್ ರೂಮಿನ ಮುಂದೆ ಬಂದು ನಿಂತು ರಾಜೀನಾಮೆ ಕೊಡಿಸಿದರು. 12 ವರ್ಷದ ಮಕ್ಕಳು. ಅವರೇ ಹತ್ತು ವರ್ಷ ಕಳೆದು ಪಿಜಿಯಲ್ಲಿ ಮೂರು ದಿನ ನೀರಿಲ್ಲದಿದ್ದರೂ ಓನರಿಗೆ ಬೈದುಕೊಂಡು ಟ್ಯಾಂಕರಿಗೆ ದುಡ್ಡು ಹಾಕುತ್ತಾರೆ. ಮಧ್ಯದಲ್ಲಿ ನಾವು ಅವರಿಗೆ ಏನು ಮಾಡಿದೆವು ಅಂತ ನನಗೆ ಆಗಾಗ ಯೋಚನೆಯಾಗುತ್ತದೆ.

ಇನ್ನು ಎಎಸ್‌ಡಿ ಪಟ್ಟಿ. ಇದು ನಿಮಗೆ ಗೊತ್ತಿರಲಿಕ್ಕಿಲ್ಲ. ಬೂತಿಗೆ ಹೋಗುವಾಗ ನಮ್ಮ ಕೈಗೆ ಒಂದು ಪಟ್ಟಿ ಕೊಡುತ್ತಾರೆ. ಗೈರಾದವರು, ಮನೆ ಬದಲಾಯಿಸಿದವರು, ತೀರಿಕೊಂಡವರು. ಮೂರೂ ಒಟ್ಟಿಗೆ. ಬಿಎಲ್‌ಒ, ಅಂದರೆ ಮತದಾರರ ಪಟ್ಟಿ ನೋಡಿಕೊಳ್ಳುವ ಬೂತ್ ಮಟ್ಟದ ಅಧಿಕಾರಿ, ಮನೆಗೆ ಹೋದಾಗ ಸಿಗದವರ ಹೆಸರೆಲ್ಲ ಅದರಲ್ಲಿರುತ್ತದೆ. ಹಳ್ಳಿ ಬೂತಿನಲ್ಲಿ ಅದು ಅರ್ಧ ಹಾಳೆ. ಬೆಂಗಳೂರಿನಲ್ಲಿ ನನಗೆ ಒಮ್ಮೆ ಪುಟಗಟ್ಟಲೆ ಕೊಟ್ಟಿದ್ದರು. 22, 23, 24 ವಯಸ್ಸು. ಒಂದು ಕಡೆ ಮೇಲೆ ತೀರಿಕೊಂಡ 81 ವಯಸ್ಸಿನ ತಾತ, ಕೆಳಗೆ ತೀರಿಕೊಂಡ 90 ವಯಸ್ಸಿನ ಅಜ್ಜಿ, ಮಧ್ಯದಲ್ಲಿ 23ರ ಹುಡುಗಿ. ಅವಳು ಸತ್ತಿರಲಿಲ್ಲ, ಮಾರತ್ತಹಳ್ಳಿಗೆ ಹೋಗಿದ್ದಳು ಅಷ್ಟೇ.

ಹೆಸರು ಸರಿ ಮಾಡಿಸುವುದು ದೊಡ್ಡ ಕೆಲಸವೇನಲ್ಲ. ಹೊಸದಾಗಿ ಸೇರಿಸಲು ಫಾರಂ 6, ಮನೆ ಬದಲಾಯಿಸಿದ್ದರೆ ಅಥವಾ ಏನಾದರೂ ತಿದ್ದಬೇಕಿದ್ದರೆ ಫಾರಂ 8. ಆ್ಯಪಿನಲ್ಲೇ ಹಾಕಬಹುದು. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು, ಜನವರಿ 2ಕ್ಕೆ ಹುಟ್ಟಿದವರು ಒಂದು ವರ್ಷ ಕಾಯಬೇಕಿತ್ತು. 2022ರಿಂದ ವರ್ಷಕ್ಕೆ ನಾಲ್ಕು ದಿನ ಇದೆ, ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಿಡಬಹುದು. ಹಾಸ್ಟೆಲಿನಲ್ಲಿ, ಪಿಜಿಯಲ್ಲಿ ಇದ್ದು ಓದುವವರು ಊರಿನ ವಿಳಾಸದಲ್ಲಾದರೂ ಇರಬಹುದು, ಇಲ್ಲಿಯ ವಿಳಾಸದಲ್ಲಾದರೂ ಇರಬಹುದು. ಎರಡೂ ಕಡೆ ಇರುವ ಹಾಗಿಲ್ಲ. ಗೊತ್ತಾಗದಿದ್ದರೆ 1950ಕ್ಕೆ ಫೋನ್ ಮಾಡಿ.

ಕಾರ್ಡು ಸಿಕ್ಕಿಲ್ಲ ಅಂತ ಎಷ್ಟೋ ಜನ ಮನೆಯಲ್ಲೇ ಕೂರುತ್ತಾರೆ. ಪಟ್ಟಿಯಲ್ಲಿ ಹೆಸರಿದ್ದರೆ ಆಧಾರ್, ಡಿಎಲ್, ಪ್ಯಾನ್, ಪಾಸ್‌ಪೋರ್ಟ್ ಯಾವುದಾದರೂ ನಡೆಯುತ್ತದೆ. ಕಾರ್ಡಿದ್ದು ಹೆಸರಿಲ್ಲದಿದ್ದರೆ ಮಾತ್ರ ನಾವೇನೂ ಮಾಡಲಾರೆವು. ಹೊಚ್ಚ ಹೊಸ ಕಾರ್ಡು ಹಿಡಿದು, ಅಳು ಮುಖ ಮಾಡಿಕೊಂಡು ವಾಪಸ್ ಹೋದವರನ್ನು ನೋಡಿದ್ದೇನೆ, ಬೇಜಾರಾಗುತ್ತದೆ. ನಿಮ್ಮ ಹೆಸರಿನಲ್ಲಿ ಬೇರೆ ಯಾರೋ ಹಾಕಿ ಹೋಗಿದ್ದರೆ ಸುಮ್ಮನೆ ಹಿಂದೆ ಬರಬೇಡಿ. ಟೆಂಡರ್ಡ್ ಓಟು ಕೊಡಿ ಅಂತ ಪಿಆರ್‌ಒ ಹತ್ತಿರ ಕೇಳಿ, ನೀವೇ ಅಂತ ಗುರುತು ಸರಿಹೋದರೆ ಪೇಪರ್ ಬ್ಯಾಲೆಟ್ ಕೊಡಬೇಕು. ನನ್ನ 20 ವರ್ಷದಲ್ಲಿ ಅದನ್ನು ಕೇಳಿದವನು ಒಬ್ಬನೇ, ಕಾನೂನು ಓದುತ್ತಿದ್ದ ಹುಡುಗ. ಕೇಳಿದಾಗ ನಾನೇ ಗಾಬರಿಯಾಗಿ ಕೈಪಿಡಿ ತಿರುವಿ ಹಾಕಿದೆ.

ಮನೆಯಲ್ಲಿ ಅಪ್ಪ ಇಂಥವರಿಗೇ ಹಾಕು ಅನ್ನುತ್ತಾರಾ? ಹೂಂ ಅನ್ನಿ. ಒಳಗೆ ಹೋದ ಮೇಲೆ ರಟ್ಟಿನ ಮರೆಯ ಹಿಂದೆ ನೀವೊಬ್ಬರೇ. ಯಾರಿಗೆ ಒತ್ತಿದಿರಿ ಅಂತ ಚೀಟಿಯಲ್ಲಿ ತೋರಿಸುವ ವಿವಿಪ್ಯಾಟ್ ಪೆಟ್ಟಿಗೆಯ ಗಾಜಿನಲ್ಲಿ 7 ಸೆಕೆಂಡು ಚೀಟಿ ಕಾಣಿಸಿ ಒಳಗೆ ಬೀಳುತ್ತದೆ. ಅದನ್ನು ನೋಡಿದವರು ನೀವು ಮಾತ್ರ.

ಓಟಿಗೆ ದೋಸೆ ಫ್ರೀ, ಕಾಫಿ ಫ್ರೀ ಅಂತ ಬೆಂಗಳೂರಿನ ಹೋಟೆಲುಗಳವರು ಕೊಡುತ್ತಾರಲ್ಲ, ಅದರ ಬಗ್ಗೆ ನನಗೆ ಎರಡು ಮನಸ್ಸು. ದೋಸೆ ಕೊಟ್ಟು ಕರೆಯಬೇಕಾದ ಸ್ಥಿತಿಗೆ ಬಂತಲ್ಲ ಅಂತ ಬೇಸರ. ಹಾಗಂತ ದೋಸೆ ಬಿಡಬೇಡಿ, ಮಸಾಲೆ ದೋಸೆಯೇ ಆದರೆ ಇನ್ನೂ ಒಳ್ಳೆಯದು.

ಓಟು ಹಾಕಿದ ಮಾರನೇ ದಿನದಿಂದ ಏನು ಅಂತ ಕೇಳಿದರೆ, ಒಂದೇ ಒಂದು ವಿಷಯ ಹಿಡಿದುಕೊಳ್ಳಿ. ಇಡೀ ದೇಶ ಸರಿ ಮಾಡಬೇಡಿ. ನಿಮ್ಮ ರಸ್ತೆಯ ಒಂದು ಬೀದಿದೀಪ, ಕಾಲೇಜಿನ ಮುಂದಿನ ಬಸ್‌ಸ್ಟಾಪು. ನಿಮ್ಮ ಎಂಎಲ್‌ಎಗೆ ಕ್ಷೇತ್ರದ ಕೆಲಸಕ್ಕೆ ಅಂತ ವರ್ಷಕ್ಕೆ 2 ಕೋಟಿ, ಎಂಪಿಗೆ 5 ಕೋಟಿ ಇರುತ್ತದೆ. ಅದು ಎಲ್ಲಿ ಖರ್ಚಾಯಿತು ಅಂತ 10 ರೂಪಾಯಿ ಕಟ್ಟಿ ಆರ್‌ಟಿಐ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಕೊಡುವುದಿಲ್ಲ, ಮೇಲ್ಮನವಿ ಹಾಕಬೇಕಾಗುತ್ತದೆ, ಅದೂ ಕಲಿಕೆಯೇ. ಊರಲ್ಲಿ ಓಟಿದ್ದರೆ ಹಬ್ಬಕ್ಕೆ ಹೋದಾಗ ಗ್ರಾಮಸಭೆ ಯಾವತ್ತು ಅಂತ ವಿಚಾರಿಸಿ. ಮತದಾರರಾಗಿರುವ ಯಾರು ಬೇಕಾದರೂ ಹೋಗಿ ಕೂರಬಹುದು, ಎದ್ದು ನಿಂತು ಕೇಳಬಹುದು. 21 ತುಂಬಿದರೆ ನೀವೇ ಪಂಚಾಯಿತಿಗೆ, ಪಾಲಿಕೆಗೆ ನಿಲ್ಲಬಹುದು. ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಣ್ಣುಮಕ್ಕಳಿಗೆ. ಅವರ ಬದಲು ಗಂಡ ಬಂದು ಕೂರುವ ಕಡೆಯೂ ಇದೆ, ಆದರೆ ಓದಿದ ಹುಡುಗಿ ಗೆದ್ದು ಬಂದ ಕಡೆ ಪಂಚಾಯಿತಿ ಅಧಿಕಾರಿ ಪಿಡಿಒ ಕೂರುವ ಭಂಗಿಯೇ ಬೇರೆ.

ಕೊನೆಗೆ ನನ್ನದೊಂದು ತಪ್ಪೊಪ್ಪಿಗೆ. ರಿಟೈರ್ ಆದ ಮೇಲೆ ನಾವು ಮನೆ ಬದಲಾಯಿಸಿ ಕೆಂಗೇರಿ ಕಡೆಗೆ ಬಂದೆವು. ಎಂಟು ತಿಂಗಳಾದರೂ ನಾನು ಫಾರಂ 8 ಹಾಕಿರಲಿಲ್ಲ. ಇಷ್ಟೆಲ್ಲ ಉಪದೇಶ ಮಾಡುವ ನಾನು. ಈ ಪತ್ರ ಬರೆಯಲು ಕೂತಾಗ ನೆನಪಾಗಿ ನಾಚಿಕೆಯಾಯಿತು, ಅವತ್ತೇ ಹಾಕಿದೆ. ಹತ್ತು ಹನ್ನೆರಡು ದಿನಕ್ಕೆ ಬಿಎಲ್‌ಒ ಬಂದರು, ನಮ್ಮ ಏರಿಯಾದ ಅಂಗನವಾಡಿ ಟೀಚರು. ಬಿಸಿಲಲ್ಲಿ ನಡೆದು ಸುಸ್ತಾಗಿದ್ದರು. ಮಜ್ಜಿಗೆ ಕುಡಿದು, "ಮೇಷ್ಟ್ರೇ, ನೀವೇ ಇಷ್ಟು ತಡ ಮಾಡಿದ್ರೆ ಹೇಗೆ" ಅಂದರು. ಆಮೇಲೆ ತಾರಸಿ ಕಡೆ ಕಣ್ಣು ಹಾಯಿಸಿ, "ಮೇಲಿನ ಪಿಜಿ ಹುಡುಗರದ್ದು ಒಬ್ಬರ ಹೆಸರೂ ನನ್ನ ಪಟ್ಟಿಯಲ್ಲಿಲ್ಲ. ಮೂರು ಸಲ ಬಂದೆ, ಮೂರು ಸಲವೂ ಬೀಗ."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾನೇ ಮೇಲೆ ಹೋದೆ. ಬಾಗಿಲು ತೆಗೆದವನ ಕಣ್ಣಲ್ಲಿ ಇನ್ನೂ ನಿದ್ದೆ. ಬಾಡಿಗೆ ವಿಷಯಕ್ಕೆ ಬಂದೆ ಅಂದುಕೊಂಡು ಗಾಬರಿಯಾದ. ವಿಷಯ ಹೇಳಿದ ಮೇಲೆ ಒಬ್ಬೊಬ್ಬರೇ ಎದ್ದು ಬಂದು ಸುತ್ತ ಕೂತರು. ಆರು ಜನ ಇದ್ದರು, ನಾಲ್ಕು ಜನ ಅಲ್ಲೇ ಫೋನಿನಲ್ಲಿ ಫಾರಂ ತುಂಬಿಸಿದರು. ಒಬ್ಬ ಆಮೇಲೆ ಮಾಡ್ತೀನಿ ಅಂಕಲ್ ಅಂದ, ಅವನು ಮಾಡುವುದಿಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಆರನೆಯವನು ಹಾಸನದ ಕಡೆಯ ಹುಡುಗ, ಫೋನು ಕೈಯಲ್ಲಿ ಹಿಡಿದು ಯೋಚನೆ ಮಾಡುತ್ತಾ ಕೂತಿದ್ದ.

"ಅಂಕಲ್, ಇಲ್ಲಿಗೆ ಬದಲಾಯಿಸಿದ್ರೆ ಊರಿನ ಪಟ್ಟಿಯಿಂದ ಹೋಗುತ್ತಾ?"

ಹೋಗುತ್ತಪ್ಪಾ ಅಂದೆ.

"ಹಂಗಾದ್ರೆ ಬೇಡ. ನಮ್ಮ ಅತ್ತೆ ಪಂಚಾಯಿತಿಗೆ ನಿಲ್ತೀನಿ ಅಂತಿದ್ದಾಳೆ."

ಸರಿ, ಅಲ್ಲೇ ಇರಲಿ, ಆದರೆ ತಾರೀಖು ಗೊತ್ತಾದ ದಿನವೇ ಬಸ್ಸು ಬುಕ್ ಮಾಡು, ಓಟಿನ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಕಾಲಿಡಲು ಜಾಗ ಇರಲ್ಲ ಅಂತ ಹೇಳಿ ಕೆಳಗಿಳಿದು ಬಂದೆ.

ಇಂತಿ,
ನಿಮ್ಮ ಹಳೇ ಮೇಷ್ಟ್ರು